ಡೆಲ್ಟಾ-ಕೆನಾರ್ಡ್ ಯುದ್ಧವಿಮಾನದ ಮಾದರಿ: ವಿಂಡ್ ಟನಲ್ ಅಂಕಿಗಳು ಎಡವಟ್ಟಾದಾಗ ಹುಡುಕುವ ಕ್ರಮ

ಫ್ರಾನ್ಸಿನ ರಫಾಲ್-ಎ 1986ರ ಜುಲೈ 4ರಂದು, ಬ್ರಿಟನ್ನಿನ ಪ್ರಯೋಗ ವಿಮಾನ ಇಎಪಿ ಅದೇ ವರ್ಷದ ಆಗಸ್ಟ್ 8ರಂದು, ಸ್ವೀಡನ್ನಿನ ಗ್ರಿಪೆನ್ 1988ರ ಡಿಸೆಂಬರ್ 9ರಂದು ಮೊದಲ ಸಲ ಹಾರಿದವು. ಮೂರಕ್ಕೂ ಮೂಲ ಆಕಾರ ಒಂದೇ: ತ್ರಿಕೋನದ ಡೆಲ್ಟಾ ರೆಕ್ಕೆ, ಅದರ ಮುಂದೆ ಕೆನಾರ್ಡ್ ಎಂಬ ತಿರುಗುವ ಪುಟ್ಟ ರೆಕ್ಕೆ. ರಫಾಲ್ ಮತ್ತು ಗ್ರಿಪೆನ್‌ನಲ್ಲಿ ಕೆನಾರ್ಡ್ ರೆಕ್ಕೆಗೆ ಒತ್ತಿಕೊಂಡಂತೆ ಇದೆ. ಇಎಪಿಯಲ್ಲಿ, ಮುಂದೆ ಅದರಿಂದ ಬೆಳೆದ ಯೂರೋಫೈಟರ್‌ನಲ್ಲಿ, ಅದು ಕಾಕ್‌ಪಿಟ್ ಪಕ್ಕದವರೆಗೆ ಮುಂದೆ ಹೋಗಿದೆ. ಕೆನಾರ್ಡ್ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದನ್ನೆಲ್ಲ ಮೊದಲು ವಿಂಡ್ ಟನಲ್‌ನಲ್ಲೇ, ಅಂದರೆ ಪುಟ್ಟ ಮಾದರಿಯ ಮೇಲೆ ಗಾಳಿ ಹಾಯಿಸುವ ಸುರಂಗದಲ್ಲೇ, ಜಾಲಾಡಿ ನೋಡಬೇಕು.

ಈ ಆಕಾರದ ಮಾದರಿಯನ್ನು ಪರೀಕ್ಷಿಸುವವರಿಗೆ ಒಂದು ವಿಶೇಷ ತೊಂದರೆ ಇದೆ. ಇದರ ಸಹಜ ವರ್ತನೆಯೇ ಎಷ್ಟೋ ಸಲ ಉಪಕರಣದ ದೋಷದಂತೆ ಕಾಣುತ್ತದೆ, ಉಪಕರಣದ ದೋಷ ಸಹಜ ವರ್ತನೆಯಂತೆ ಕಾಣುತ್ತದೆ. ಆದ್ದರಿಂದ ಹುಡುಕಾಟದ ಕ್ರಮ ತಪ್ಪಬಾರದು: ಮೊದಲು ಅಳೆಯುವ ಸಾಧನ, ಆಮೇಲೆ ಟನಲ್‌ನ ಗಾಳಿ, ಕೊನೆಗೆ ವಿಮಾನದ ಆಕಾರ. ಕೆಳಗಿನ ಲಕ್ಷಣಗಳು ಹೆಚ್ಚುಕಡಿಮೆ ಅದೇ ಕ್ರಮದಲ್ಲಿವೆ.

ಎಷ್ಟು ಸಣ್ಣ ತಪ್ಪನ್ನು ಹುಡುಕುತ್ತಿದ್ದೇವೆ

ಯೂರೋಫೈಟರ್ ಅಳತೆಯ ವಿಮಾನವನ್ನು ತೆಗೆದುಕೊಳ್ಳಿ. ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್, ರೆಕ್ಕೆಯ ವಿಸ್ತೀರ್ಣ ಸುಮಾರು 50 ಚದರ ಮೀಟರ್. 1:20 ಮಾದರಿ ಮಾಡಿದರೆ ಅಗಲ 55 ಸೆಂ.ಮೀ., ವಿಸ್ತೀರ್ಣ 0.125 ಚದರ ಮೀಟರ್. ಮ್ಯಾಕ್ 0.9ರಲ್ಲಿ (ಶಬ್ದವೇಗದ 0.9 ಪಟ್ಟು) ಗಾಳಿಯ ಡೈನಮಿಕ್ ಒತ್ತಡ, ಅಂದರೆ ಅದರ ವೇಗದಿಂದ ಬರುವ ಒತ್ತಡ, 60 ಕಿಲೊಪಾಸ್ಕಲ್ ಇದ್ದು ಲಿಫ್ಟ್ ಗುಣಾಂಕ 0.8 ಆದರೆ ಮಾದರಿಯ ಮೇಲಿನ ಎತ್ತುಬಲ 6000 ನ್ಯೂಟನ್, ಅಂದರೆ 600 ಕಿಲೊಗೂ ಮೀರಿದ ಹೊರೆ. ಅದೇ ಗಾಳಿಯಲ್ಲಿ ಒಂದು ಡ್ರ್ಯಾಗ್ ಕೌಂಟ್, ಅಂದರೆ ಡ್ರ್ಯಾಗ್ (ಗಾಳಿ ಹಿಂದಕ್ಕೆ ಎಳೆಯುವ ಬಲ) ಗುಣಾಂಕದಲ್ಲಿ 0.0001, ಕೇವಲ 0.75 ನ್ಯೂಟನ್. 600 ಕಿಲೊ ಹೊರೆ ಹೊತ್ತ ಬ್ಯಾಲೆನ್ಸ್ (ಮಾದರಿಯ ಮೇಲಿನ ಬಲಗಳನ್ನು ಅಳೆಯುವ ಸಾಧನ) 75 ಗ್ರಾಂನ ವ್ಯತ್ಯಾಸವನ್ನು ಹೇಳಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ತಪಾಸಣೆಗಳಲ್ಲಿ ಯಾವುದೂ ಅತಿಯೆನಿಸುವುದಿಲ್ಲ.

ಟನಲ್ ಒಳಗೆ ಕಾಲಿಡುವ ಮುನ್ನ

ಫ್ಯಾನ್ ಅಥವಾ ಮುಖ್ಯ ವಾಲ್ವ್‌ನ ವಿದ್ಯುತ್ ಕಡಿದು, ಬೀಗ ಹಾಕಿ, ಬೀಗದ ಕೈಯನ್ನು ಒಳಗೆ ಹೋಗುವವರೇ ಜೇಬಿನಲ್ಲಿಟ್ಟುಕೊಳ್ಳಬೇಕು. ಬ್ಲೋಡೌನ್ ಟನಲ್‌ನಲ್ಲಿ, ಅಂದರೆ ಟ್ಯಾಂಕಿನಲ್ಲಿ ಒತ್ತಿಟ್ಟ ಗಾಳಿಯನ್ನು ಬಿಟ್ಟು ಓಡಿಸುವ ಟನಲ್‌ನಲ್ಲಿ, ಸಂಗ್ರಹ ಟ್ಯಾಂಕಿನ ಒತ್ತಡ ಹಾಗೇ ಇರುತ್ತದೆ, ವಾಲ್ವ್ ಮುಚ್ಚಿದೆ ಅಂದಮಾತ್ರಕ್ಕೆ ಒಳಗೆ ಹೋಗಬೇಡಿ. ಸ್ಪ್ಯಾನರ್, ಸ್ಕ್ರೂಗಳನ್ನು ಎಣಿಸಿ ಒಯ್ದು ಎಣಿಸಿ ತನ್ನಿ. ಮರೆತ ಒಂದು ಸ್ಕ್ರೂ ಮುಂದಿನ ಓಟದಲ್ಲಿ (ಗಾಳಿ ಬಿಟ್ಟು ಮಾಡುವ ಪರೀಕ್ಷೆಯಲ್ಲಿ) ಗುಂಡಿನಂತೆ ಹಾರುತ್ತದೆ. ಜರ್ಮನಿಯ ಕೊಲೋನ್‌ನಲ್ಲಿರುವ ಇಟಿಡಬ್ಲ್ಯೂನಂಥ ಕ್ರಯೋಜೆನಿಕ್ (ಅತಿ ತಣ್ಣನೆಯ) ಟನಲ್‌ನಲ್ಲಿ ಗಾಳಿಯ ಜಾಗದಲ್ಲಿ ನೈಟ್ರೋಜನ್ ಇರುತ್ತದೆ. ಆಮ್ಲಜನಕ 19.5%ಕ್ಕಿಂತ ಕೆಳಗಿದ್ದರೆ ಯಾರೂ ಒಳಗೆ ಹೋಗಬಾರದು. ಬಿದ್ದವರನ್ನು ಎತ್ತಲು ಉಸಿರಾಟದ ಸಾಧನವಿಲ್ಲದೆ ಓಡಿದವರೂ ಅಲ್ಲೇ ಬೀಳುತ್ತಾರೆ.

ಲಕ್ಷಣ: ಗಾಳಿ ನಿಂತರೂ ಓದು ಸೊನ್ನೆಗೆ ಮರಳುವುದಿಲ್ಲ

ಓಟಕ್ಕೆ ಮುಂಚೆ ಮತ್ತು ಓಟದ ನಂತರ, ಮಾದರಿ ಅದೇ ಕೋನದಲ್ಲಿ ನಿಂತಿರುವಾಗ, ಬ್ಯಾಲೆನ್ಸಿನ ಆರೂ ಘಟಕಗಳ (ಮೂರು ಬಲ, ಮೂರು ಮೊಮೆಂಟ್ ಅಂದರೆ ತಿರುಗುಬಲ) ಸೊನ್ನೆ ಓದನ್ನು ಹೋಲಿಸಿ. ಪೂರ್ಣ ಸಾಮರ್ಥ್ಯದ 0.1%ಕ್ಕಿಂತ ಹೆಚ್ಚು ಸರಿದಿದ್ದರೆ ಆ ಓಟವನ್ನು ಬದಿಗಿಡಿ.

ಮೊದಲು ಕೇಬಲ್ ಕನೆಕ್ಟರ್ ಕಳಚಿ ಮತ್ತೆ ಹಾಕಿ, ಸ್ಟ್ರೇನ್ ಗೇಜ್ ಬ್ರಿಡ್ಜ್‌ನ (ಬ್ಯಾಲೆನ್ಸ್ ಬಾಗುವುದನ್ನು ವಿದ್ಯುತ್ತಾಗಿ ಓದುವ ಸರ್ಕೀಟಿನ) ವೋಲ್ಟೇಜನ್ನು ಮಲ್ಟಿಮೀಟರಿನಿಂದ ಬ್ಯಾಲೆನ್ಸ್ ತುದಿಯಲ್ಲೇ ಅಳೆಯಿರಿ. ಪವರ್ ಸಪ್ಲೈ ತುದಿಯಲ್ಲಿ ಅಳೆದರೆ ಉದ್ದ ಕೇಬಲಿನಲ್ಲಿ ಕಳೆದುಹೋದ ವೋಲ್ಟೇಜ್ ಕಾಣುವುದಿಲ್ಲ. ಒಂದೇ ಘಟಕ ಸರಿಯುತ್ತಿದ್ದರೆ ಆ ಬ್ರಿಡ್ಜ್‌ನ ವೈರಿಂಗ್ ಅಥವಾ ತೇವವನ್ನು ಅನುಮಾನಿಸಿ. ಎಲ್ಲ ಘಟಕಗಳೂ ಒಟ್ಟಿಗೆ ಸರಿದರೆ ಸಪ್ಲೈ ನೋಡಿ. ಅಕ್ಷೀಯ ಬಲ (ವಿಮಾನದ ಉದ್ದದ ದಿಕ್ಕಿನ ಬಲ) ಮಾತ್ರ ಓಟ ಸಾಗಿದಂತೆ ನಿಧಾನವಾಗಿ ಜಾರುತ್ತಿದ್ದರೆ ಕಾರಣ ತಾಪಮಾನ. ಬ್ಲೋಡೌನ್ ಟನಲ್‌ನಲ್ಲಿ ಟ್ಯಾಂಕಿನ ಗಾಳಿ ಹಿಗ್ಗುತ್ತ ತಣ್ಣಗಾಗುತ್ತದೆ, ಬ್ಯಾಲೆನ್ಸಿನ ಮುಂದಿನ ತುದಿಗೂ ಹಿಂದಿನ ತುದಿಗೂ ಕೆಲವು ಡಿಗ್ರಿ ವ್ಯತ್ಯಾಸ ಬೀಳುತ್ತದೆ. ಬ್ಯಾಲೆನ್ಸಿನ ಎರಡೂ ತುದಿಗೆ ಥರ್ಮೋಕಪಲ್ ಕೂರಿಸಿ, ತಾಪದ ಜತೆಗೆ ಸೊನ್ನೆ ಹೇಗೆ ಸರಿಯುತ್ತದೆ ಎಂದು ಗ್ರಾಫ್ ಹಾಕಿ.

ನಂತರ ತೂಕ ತೂಗುಹಾಕಿ. ಗೊತ್ತಿರುವ ತೂಕಕ್ಕೆ ಗೊತ್ತಿರುವ ಓದು ಬರಲೇಬೇಕು. ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ: 100 ಕಿಲೊ ತೂಕ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 981 ನ್ಯೂಟನ್ ಬಲ ಕೊಟ್ಟರೆ ಬೆಂಗಳೂರಿನಲ್ಲಿ ಕೊಡುವುದು 978. ಇಲ್ಲಿ ಗುರುತ್ವ 9.78, ಅಲ್ಲಿ 9.81. ಯೂರೋಪಿನಲ್ಲಿ ಕ್ಯಾಲಿಬ್ರೇಟ್ ಆದ ಬ್ಯಾಲೆನ್ಸನ್ನು ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಸಂಸ್ಥೆಯ 1.2 ಮೀಟರ್ ಟ್ರೈಸಾನಿಕ್ ಟನಲ್‌ನಂಥ ಕಡೆ ತಂದು ಕಿಲೊ ಲೆಕ್ಕದಲ್ಲೇ ಪರಿಶೀಲಿಸಿದರೆ 0.3% ತಪ್ಪು ಸಲೀಸಾಗಿ ನುಸುಳುತ್ತದೆ. ಯಾವಾಗಲೂ ನ್ಯೂಟನ್‌ನಲ್ಲಿ ಬರೆಯಿರಿ, ಸ್ಥಳದ ಗುರುತ್ವ ಬಳಸಿ.

ತೂಕ ಹಾಕಿದಾಗಲೂ ಓದು ಮರಳದಿದ್ದರೆ ಬ್ಯಾಲೆನ್ಸಿನಲ್ಲಿ ಬಿರುಕು ಇರಬಹುದು. ಅಲ್ಲಿಗೆ ನಿಲ್ಲಿಸಿ. ಮತ್ತೊಂದು ಓಟ ಮಾಡಿ ನೋಡೋಣ ಎಂಬ ಮಾತೇ ಬೇಡ. ಅದನ್ನು ಬಿಚ್ಚಿ ಬಿರುಕು ತಪಾಸಣೆಗೆ, ಮರು ಕ್ಯಾಲಿಬ್ರೇಷನ್‌ಗೆ ಕಳಿಸಬೇಕು.

ಲಕ್ಷಣ: ಯಾವುದೋ ಒಂದು ಕೋನದಲ್ಲಿ ಡ್ರ್ಯಾಗ್ ರೇಖೆ ಥಟ್ಟನೆ ಮೆಟ್ಟಿಲಾಗುತ್ತದೆ

ಮಾದರಿ ಗಾಳಿಗೆ ಮೂತಿ ಎತ್ತಿ ನಿಂತ ಕೋನವನ್ನು ಏರಿಸುವಾಗ ಒಂದು ದಾರಿ, ಇಳಿಸುವಾಗ ಇನ್ನೊಂದು ದಾರಿ ಕಂಡರೆ ಮಾದರಿಯ ಹಿಂಭಾಗ ಸ್ಟಿಂಗಿಗೆ, ಅಂದರೆ ಬಾಲದೊಳಗಿಂದ ತೂರಿ ಮಾದರಿಯನ್ನು ಹೊತ್ತ ಸರಳಿಗೆ, ತಾಗುತ್ತಿರಬಹುದು. ಹೊರೆ ಬಿದ್ದಾಗ ಬ್ಯಾಲೆನ್ಸ್ ಬಾಗಿ, ಮಾದರಿಯ ಬಾಲದ ರಂಧ್ರ ಸ್ಟಿಂಗಿನ ಹತ್ತಿರ ಬರುತ್ತದೆ. ತಾಗಿದ ಕ್ಷಣದಿಂದ ಒಂದಷ್ಟು ಬಲ ಬ್ಯಾಲೆನ್ಸಿನ ಪಕ್ಕದಿಂದ ಹೊರಟುಹೋಗುತ್ತದೆ.

ಗಾಳಿ ಇಲ್ಲದೆ, ಪೂರ್ಣ ಹೊರೆಗೆ ಸಮನಾದ ತೂಕ ತೂಗುಹಾಕಿ ಸುತ್ತಲೂ ಫೀಲರ್ ಗೇಜ್ ಆಡಿಸಿ ನೋಡಿ. ಸ್ಟಿಂಗ್ ಮೇಲೆ ಇನ್ಸುಲೇಷನ್ ಟೇಪು ಸುತ್ತಿ, ಅದರ ಮೇಲೆ ತಾಮ್ರದ ಪಟ್ಟಿ ಅಂಟಿಸಿ ಒಂದು ದೀಪದ ಸರ್ಕೀಟು ಕೊಟ್ಟರೆ ಓಟದ ನಡುವೆ ತಾಗಿದ ಕೂಡಲೇ ದೀಪ ಹತ್ತುತ್ತದೆ. ದೀಪ ಹತ್ತದೆಯೂ ಮೆಟ್ಟಿಲು ಉಳಿದರೆ ಒತ್ತಡದ ನಳಿಕೆಗಳನ್ನು ನೋಡಿ. ತಣ್ಣಗಾಗಿ ಬಿರುಸಾದ ಪ್ಲಾಸ್ಟಿಕ್ ನಳಿಕೆಯ ಕಟ್ಟು ಸಣ್ಣ ಸ್ಪ್ರಿಂಗ್‌ನಂತೆ ಎಳೆಯುತ್ತದೆ, ಲೋಹಕ್ಕೆ ಲೋಹ ತಾಗಿರುವುದಿಲ್ಲ.

ಲಕ್ಷಣ: ಲಿಫ್ಟ್ ರೇಖೆ ಪೂರ್ತಿ ಪಕ್ಕಕ್ಕೆ ಸರಿದಿದೆ

ಇಳಿಜಾರು ಸರಿಯಿದೆ, ಸೊನ್ನೆ ಲಿಫ್ಟ್ ಬರುವ ಕೋನ ಮಾತ್ರ ತಪ್ಪು. ಹೆಚ್ಚಿನ ಸಲ ಟನಲ್‌ನ ಗಾಳಿಯೇ ಸ್ವಲ್ಪ ಓರೆಯಾಗಿ ಬರುತ್ತಿರುತ್ತದೆ. ಮಾದರಿಯನ್ನು ನೆಟ್ಟಗೆ ಒಮ್ಮೆ, 180 ಡಿಗ್ರಿ ಹೊರಳಿಸಿ ತಲೆಕೆಳಗಾಗಿ ಇನ್ನೊಮ್ಮೆ ಓಡಿಸಿ. ಎರಡು ರೇಖೆಗಳ ನಡುವಿನ ಕೋನದ ಅರ್ಧವೇ ಗಾಳಿಯ ಓರೆ. ಸ್ಟಿಂಗ್ ಬಾಗುವುದನ್ನು ಲೆಕ್ಕದಿಂದ ತೆಗೆಯುವುದಕ್ಕಿಂತ ಮಾದರಿಯ ಒಳಗೇ ಇನ್‌ಕ್ಲಿನೋಮೀಟರ್ (ಓರೆ ಅಳೆಯುವ ಸಾಧನ) ಇಟ್ಟರೆ ಒಳ್ಳೆಯದು.

0.1 ಡಿಗ್ರಿ ಅಂದರೆ ಏನು ಮಹಾ ಅನಿಸಬಹುದು. ಲಿಫ್ಟ್ ಗುಣಾಂಕ 0.5 ಇರುವಾಗ 0.1 ಡಿಗ್ರಿ ತಪ್ಪು ಲಿಫ್ಟ್‌ನ ಒಂದು ಚೂರನ್ನು ಡ್ರ್ಯಾಗ್ ದಿಕ್ಕಿಗೆ ವಾಲಿಸುತ್ತದೆ: 0.5 ಗುಣಿಸು 0.00175, ಅಂದರೆ ಸುಮಾರು 9 ಕೌಂಟ್. ಕೆನಾರ್ಡ್ ಜಾಗ ಬದಲಿಸಿ ಗಳಿಸಿದೆವು ಎಂದುಕೊಂಡ ಲಾಭವೆಲ್ಲ ಈ ಒಂದು ತಪ್ಪಿನಲ್ಲಿ ಮುಳುಗಿಹೋಗುತ್ತದೆ.

ಲಕ್ಷಣ: ಡ್ರ್ಯಾಗ್ ನಂಬಲಾಗದಷ್ಟು ಕಡಿಮೆ, ಅಥವಾ ಓಟದಿಂದ ಓಟಕ್ಕೆ ಬದಲು

ಕಡಿಮೆ ಬಂದರೆ ಮೊದಲು ಸಂತೋಷಪಡಬೇಡಿ. ಪುಟ್ಟ ಮಾದರಿಯ ರೆಕ್ಕೆಯ ಮೇಲೆ ಗಾಳಿಯ ಪದರ ಎಲ್ಲೆಲ್ಲೋ ಲ್ಯಾಮಿನಾರ್ ಆಗಿಯೇ (ಕಲಕದೆ ನಯವಾಗಿ) ಉಳಿದಿರುತ್ತದೆ, ನಿಜ ವಿಮಾನದಲ್ಲಿ ಆ ಭಾಗ್ಯವಿಲ್ಲ. ಅದಕ್ಕೇ ರೆಕ್ಕೆ, ಕೆನಾರ್ಡ್, ಮೂತಿಯ ಮುಂಚೂಣಿಯ ಹಿಂದೆ ಹರಿವನ್ನು ಕಲಕಲು 2-3 ಮಿ.ಮೀ. ಅಗಲದ ಗ್ರಿಟ್ ಪಟ್ಟಿ, ಅಂದರೆ ಸಣ್ಣ ಕಾಳುಗಳ ಪಟ್ಟಿ, ಅಂಟಿಸುವುದು. ಕಾಳಿನ ಎತ್ತರಕ್ಕೆ ಸರಿಸುಮಾರು ಲೆಕ್ಕ ಹೀಗೆ: 600ನ್ನು ಪ್ರತಿ ಮೀಟರಿನ ರೆನಾಲ್ಡ್ಸ್ ಸಂಖ್ಯೆಯಿಂದ (ಹರಿವಿನ ವೇಗ, ಅಳತೆಗಳನ್ನು ಗಾಳಿಯ ಸ್ನಿಗ್ಧತೆಗೆ ಹೋಲಿಸುವ ಅಂಕಿ) ಭಾಗಿಸಿ. ಪ್ರತಿ ಮೀಟರಿಗೆ 1 ಕೋಟಿ ಇದ್ದರೆ 0.06 ಮಿ.ಮೀ. ಇದಕ್ಕಿಂತ ಬಹಳ ದಪ್ಪ ಕಾಳು ಹಾಕಿದರೆ ಕಾಳಿನದೇ ಡ್ರ್ಯಾಗ್ ಸೇರಿಕೊಳ್ಳುತ್ತದೆ. ಪಟ್ಟಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಇನ್‌ಫ್ರಾರೆಡ್ ಕ್ಯಾಮೆರಾ ಇದ್ದರೆ ಸರಿ, ಇಲ್ಲದಿದ್ದರೆ ನ್ಯಾಫ್ತಲೀನ್ ದ್ರಾವಣ ಸಿಂಪಡಿಸಿ ಓಡಿಸಿ: ಟರ್ಬ್ಯುಲೆಂಟ್ (ಕಲಕಿದ ಹರಿವು) ಇದ್ದಲ್ಲಿ ಬೇಗ ಹಾರಿಹೋಗುತ್ತದೆ, ಲ್ಯಾಮಿನಾರ್ ಇದ್ದಲ್ಲಿ ಬಿಳಿಯಾಗಿ ಉಳಿಯುತ್ತದೆ. ಸಿಂಪಡಿಸುವಾಗ ಮಾಸ್ಕ್ ಬೇಕು, ಗಾಳಿಯಾಡುವಂತಿರಬೇಕು, ಹತ್ತಿರ ಕಿಡಿ ಇರಕೂಡದು.

ಓಟದಿಂದ ಓಟಕ್ಕೆ ಡ್ರ್ಯಾಗ್ ಬದಲಾಗುತ್ತಿದ್ದರೆ ಗ್ರಿಟ್ ಉದುರುತ್ತಿದೆ ಎಂದೇ ಮೊದಲು ತಿಳಿಯಿರಿ. ಪ್ರತಿ ಓಟದ ನಂತರ ಭೂತಗನ್ನಡಿಯಲ್ಲಿ ಪಟ್ಟಿಯನ್ನು ನೋಡಿ, ಬೆರಳಿನಿಂದ ಮುಟ್ಟಿ ನೋಡಬೇಡಿ. ಕ್ರಯೋಜೆನಿಕ್ ಟನಲ್‌ನಲ್ಲಾದರೆ ಡ್ರ್ಯಾಗ್ ಮೆಲ್ಲಗೆ ಏರುತ್ತಿರುವುದಕ್ಕೆ ಮೇಲ್ಮೈ ಮೇಲೆ ಕೂತ ಹಿಮದ ಪುಡಿಯೂ ಕಾರಣವಿರಬಹುದು.

ಡ್ರ್ಯಾಗ್ ಹೆಚ್ಚು ಬಂದರೆ ಬಾಲದ ಕಡೆ ಹೋಗಿ. ಸ್ಟಿಂಗ್ ತೂರಲು ಹಿಂಭಾಗವನ್ನು ಕತ್ತರಿಸಿರುತ್ತಾರೆ, ಆ ಕತ್ತರಿಸಿದ ಮುಖದ ಮೇಲೆ ಒತ್ತಡ ಕಡಿಮೆ. ಮುಖದ ವಿಸ್ತೀರ್ಣ ರೆಕ್ಕೆಯ 2%, ಒತ್ತಡ ಗುಣಾಂಕ -0.1 ಎಂದುಕೊಂಡರೂ ಅದೇ 20 ಕೌಂಟ್. ಈ ಒತ್ತಡವನ್ನು ಕನಿಷ್ಠ ನಾಲ್ಕು ಕಡೆ ಅಳೆದು ತಿದ್ದಬೇಕು. ಇನ್ನೊಂದು ದೊಡ್ಡ ಮೂಲ ಗಾಳಿ ಒಳಸೇರುವ ಇಂಟೇಕ್. ಮಾದರಿಯಲ್ಲಿ ಎಂಜಿನ್ ಇಲ್ಲ, ಬರೀ ಕೊಳವೆ. ಅದರೊಳಗೆ ಕಳೆದುಹೋದ ಬಲವನ್ನು ಬಾಲದ ಬಾಯಲ್ಲಿ ಪಿಟೋ (ಹರಿವಿನ ಒತ್ತಡ ಅಳೆಯುವ ನಳಿಕೆ) ಸಾಲು ಇಟ್ಟು ಅಳೆದು ಒಟ್ಟು ಡ್ರ್ಯಾಗ್‌ನಿಂದ ಕಳೆಯಬೇಕು. ಕೊಳವೆ ಸಾಕಷ್ಟು ಗಾಳಿ ನುಂಗದಿದ್ದರೆ ಇಂಟೇಕ್ ತುಟಿಯಿಂದ ಗಾಳಿ ಹೊರಚೆಲ್ಲುತ್ತದೆ. ಇಎಪಿಯಂತೆ ಇಂಟೇಕ್ ಗಲ್ಲದ ಕೆಳಗಿರುವ ಆಕಾರದಲ್ಲಿ ಆ ಚೆಲ್ಲಾಟ ಹೊಟ್ಟೆಯಡಿಯ ಹರಿವನ್ನೆಲ್ಲ ಕೆಡಿಸಿ ಪಿಚಿಂಗ್ ಮೊಮೆಂಟನ್ನೂ (ಮೂತಿಯನ್ನು ಮೇಲೆ ಕೆಳಗೆ ತಿರುಗಿಸುವ ಬಲ) ತಪ್ಪಾಗಿಸುತ್ತದೆ.

ಲಕ್ಷಣ: ಪಿಚಿಂಗ್ ಮೊಮೆಂಟ್ ವಿಚಿತ್ರವಾಗಿದೆ

ಕೋನ ಹೆಚ್ಚಿದಂತೆ ಮೂತಿ ಇನ್ನೂ ಮೇಲೇಳುತ್ತಿದೆ ಎಂದು ಗಾಬರಿಯಾಗಬೇಡಿ. ಈ ತಲೆಮಾರಿನ ವಿಮಾನಗಳು ಶಬ್ದವೇಗಕ್ಕಿಂತ ಕೆಳಗೆ ಬೇಕೆಂದೇ ಅಸ್ಥಿರ. ಸೂಪರ್‌ಸಾನಿಕ್‌ನಲ್ಲಿ ಎತ್ತುಬಲದ ಕೇಂದ್ರ ಹಿಂದೆ ಸರಿಯುತ್ತದೆ. ಮೊದಲೇ ಸ್ಥಿರವಾಗಿದ್ದ ವಿಮಾನವಾದರೆ ಅಲ್ಲಿ ಅತಿ ಸ್ಥಿರವಾಗಿ, ಮೂತಿ ಎತ್ತಿ ಹಿಡಿಯಲು ವಿಪರೀತ ಡ್ರ್ಯಾಗ್ ತೆರಬೇಕಾಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಅಸ್ಥಿರತೆ ಇದೆಯೇ ಎಂದಲ್ಲ, ಲೆಕ್ಕ ಹಾಕಿದಷ್ಟೇ ಇದೆಯೇ ಎಂದು.

ಲೆಕ್ಕಕ್ಕಿಂತ ಬೇರೆ ಇದ್ದರೆ ಅತಿ ಅಗ್ಗದ ತಪಾಸಣೆ ಕಾಗದದ ಮೇಲೆಯೇ ಇದೆ. ಮೊಮೆಂಟ್ ಅಳೆಯುವ ಬಿಂದು ಯಾವುದು? ಆ ಬಿಂದು ಸರಾಸರಿ ಕಾರ್ಡ್‌ನ (ರೆಕ್ಕೆಯ ಮುಂದಂಚಿನಿಂದ ಹಿಂದಂಚಿನವರೆಗಿನ ಅಳತೆಯ) 1% ಸರಿದರೆ ಲಿಫ್ಟ್‌ಗೆ ಎದುರಾಗಿ ಎಳೆದ ಮೊಮೆಂಟ್ ರೇಖೆಯ ಇಳಿಜಾರು 0.01 ಬದಲಾಗುತ್ತದೆ. ಸರಾಸರಿ ಕಾರ್ಡ್ 250 ಮಿ.ಮೀ. ಇರುವ ಮಾದರಿಯಲ್ಲಿ 1% ಅಂದರೆ 2.5 ಮಿ.ಮೀ. ಮಾತ್ರ. ಬ್ಯಾಲೆನ್ಸ್ ಕೇಂದ್ರದಿಂದ ಮಾದರಿಯ ಬಿಂದುವಿಗೆ ಇರುವ ದೂರವನ್ನು ಡ್ರಾಯಿಂಗ್‌ನಿಂದ ತೆಗೆದುಕೊಳ್ಳದೆ ಜೋಡಿಸಿದ ಮಾದರಿಯ ಮೇಲೆಯೇ ಅಳೆಯಿರಿ.

ಎರಡನೆಯದು ಕೆನಾರ್ಡ್ ಕೋನ. ಟೆಂಪ್ಲೇಟ್ ಇಟ್ಟು ಎಡ, ಬಲ ಎರಡನ್ನೂ ನೋಡಿ, ಓಟದ ನಂತರ ಮತ್ತೆ ನೋಡಿ. ಹೊರೆಗೆ ಪಿನ್ ಸಡಿಲಾಗಿ ಕೆನಾರ್ಡ್ ಅರ್ಧ ಡಿಗ್ರಿ ತಿರುಗಿದರೂ ಮೊಮೆಂಟ್ ರೇಖೆ ಇಡಿಯಾಗಿ ಮೇಲೋ ಕೆಳಗೋ ಹೋಗುತ್ತದೆ. ರೇಖೆ ಸಮಾನಾಂತರವಾಗಿ ಸರಿದಿದ್ದರೆ ಕೆನಾರ್ಡ್ ಕೋನ, ಇಳಿಜಾರು ಬದಲಾಗಿದ್ದರೆ ಬಿಂದು. ಇಷ್ಟು ನೆನಪಿಟ್ಟರೆ ಅರ್ಧ ದಿನ ಉಳಿಯುತ್ತದೆ.

ಇವೆರಡೂ ಸರಿಯಿದ್ದು, ದೊಡ್ಡ ಕೋನದಲ್ಲಿ ರೇಖೆ ಥಟ್ಟನೆ ಮೇಲಕ್ಕೆ ಮುರಿದರೆ ಸುಳಿಗಳ ಕಡೆ ನೋಡಬೇಕು. ಡೆಲ್ಟಾ ರೆಕ್ಕೆಯ ಮುಂಚೂಣಿಯಿಂದ ಸುಳಿ ಎದ್ದು ರೆಕ್ಕೆಯ ಮೇಲೆ ಕಡಿಮೆ ಒತ್ತಡದ ಪಟ್ಟಿ ಹಾಸುತ್ತದೆ, ಹೆಚ್ಚುವರಿ ಎತ್ತುಬಲ ಬರುವುದು ಅಲ್ಲಿಂದ. ಕೋನ ಹೆಚ್ಚಿದಂತೆ ಸುಳಿ ಒಂದೆಡೆ ಒಡೆದು ಚದುರುತ್ತದೆ, ಆ ಒಡೆಯುವ ಜಾಗ ಹಿಂದಿನಿಂದ ಮುಂದಕ್ಕೆ ತೆವಳುತ್ತದೆ. ಹಿಂಭಾಗದ ಎತ್ತುಬಲ ಹೋಯಿತು, ಮುಂಭಾಗದ್ದು ಉಳಿಯಿತು, ಮೂತಿ ಮೇಲೆದ್ದಿತು. ಹತ್ತಿರದ ಕೆನಾರ್ಡ್ ತನ್ನ ಸುಳಿಯಿಂದ ರೆಕ್ಕೆಯ ಸುಳಿಯನ್ನು ಹೆಚ್ಚು ಕೋನದವರೆಗೆ ಒಡೆಯದಂತೆ ಹಿಡಿಯುತ್ತದೆ. ಸ್ವೀಡನ್ನಿನ ಯುದ್ಧವಿಮಾನ ವಿಗ್ಗೆನ್ 1967ರಲ್ಲೇ ಈ ಗುಣವನ್ನು ಹಾರಿ ತೋರಿಸಿತ್ತು.

ಒಡೆದದ್ದು ವಿಮಾನದ ಗುಣವೋ, ಸ್ಟಿಂಗ್‌ನ ಪ್ರಭಾವವೋ ಎಂದು ಬೇರ್ಪಡಿಸುವುದು ಕಷ್ಟದ ಕೆಲಸ. ಹಿಂದೆ ನಿಂತ ದಪ್ಪ ಆಧಾರ ಹರಿವಿಗೆ ಅಡ್ಡಿಯಾಗಿ ಒಡೆಯುವ ಬಿಂದುವನ್ನು ಮುಂದಕ್ಕೆ ತಳ್ಳಬಲ್ಲದು. ಉದ್ದ ಅಥವಾ ಬಾಗಿದ ಬೇರೆ ಸ್ಟಿಂಗ್ ಹಾಕಿ ಅದೇ ಓಟ ಮಾಡಿ. ಮುರಿಯುವ ಕೋನ ಬದಲಾದರೆ ಆಧಾರದ ದೋಷ. ಬದಲಾಗದಿದ್ದರೆ ಟೈಟಾನಿಯಂ ಡೈಆಕ್ಸೈಡ್ ಬೆರೆಸಿದ ಎಣ್ಣೆ ಹಚ್ಚಿ, ಇಲ್ಲವೇ ಹೊಗೆ ಬಿಟ್ಟು ಲೇಸರ್ ಹಾಳೆಯಲ್ಲಿ ಸುಳಿಯನ್ನೇ ನೋಡಿ. ಲೇಸರ್ ಉರಿಯುವಾಗ ಸರಿಯಾದ ಕನ್ನಡಕವಿಲ್ಲದೆ ಕಿಟಕಿಯ ಹತ್ತಿರ ಯಾರೂ ನಿಲ್ಲಬಾರದು.

ಇಲ್ಲೊಂದು ಕಡೆ ಕಡ್ಡಾಯವಾಗಿ ನಿಲ್ಲಬೇಕು. ಮೂತಿ ಇಳಿಸಲು ಕೆನಾರ್ಡ್ ಮತ್ತು ಎಲಿವಾನ್‌ಗಳನ್ನು (ರೆಕ್ಕೆಯ ಹಿಂದಂಚಿನಲ್ಲಿ ತಿರುಗುವ ಫಲಕಗಳನ್ನು) ಪೂರ್ತಿ ತಿರುಗಿಸಿದರೂ ಯಾವುದಾದರೂ ಕೋನದಲ್ಲಿ ಮೊಮೆಂಟ್ ಮೂತಿ ಇಳಿಸುವ ಕಡೆಗೆ ಬರದಿದ್ದರೆ, ಆ ಕೋನಕ್ಕೆ ಹೋದ ವಿಮಾನ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರು ಸಲ ಅದೇ ಫಲಿತಾಂಶ ಬಂದರೆ ರೇಖೆಯನ್ನು ಸವರಿ ನಯ ಮಾಡದೆ, ಇದ್ದ ಹಾಗೇ ಹಾರಾಟ ನಿಯಂತ್ರಣದ ತಂಡಕ್ಕೆ ಕೊಡಿ. ಕಂಪ್ಯೂಟರಿನ ನಿಯಂತ್ರಣ ನಿಯಮಗಳು ಈ ಅಂಕಿಗಳ ಮೇಲೆಯೇ ನಿಂತಿರುತ್ತವೆ. ಗ್ರಿಪೆನ್‌ನ ಮೊದಲ ಪ್ರಾಯೋಗಿಕ ವಿಮಾನ 1989ರ ಫೆಬ್ರವರಿ 2ರಂದು ಇಳಿಯುವಾಗ ಅಪ್ಪಳಿಸಿದ್ದು ನಿಯಂತ್ರಣ ವ್ಯವಸ್ಥೆಯ ಕಾರಣಕ್ಕೆ. ಅಸ್ಥಿರ ವಿಮಾನದಲ್ಲಿ ಆ ವ್ಯವಸ್ಥೆಗೆ ತಪ್ಪು ಮಾಡಲು ಸಿಗುವ ಅವಕಾಶ ಅಷ್ಟು ಕಡಿಮೆ.

ಲಕ್ಷಣ: ನೇರ ನಿಂತ ಮಾದರಿ ಒಂದು ಪಕ್ಕಕ್ಕೆ ಎಳೆಯುತ್ತದೆ

ಸಣ್ಣ ಕೋನದಲ್ಲೂ ಎಳೆದರೆ ಜೋಡಣೆಯ ತಪ್ಪು: ಎಡ ಬಲ ರೆಕ್ಕೆ, ಫಿನ್, ಗ್ರಿಟ್ ಪಟ್ಟಿ ಸಮವಾಗಿಲ್ಲ. 30 ಡಿಗ್ರಿ ದಾಟಿದ ಮೇಲೆ ಮಾತ್ರ ಶುರುವಾದರೆ ಮೂತಿಯಿಂದ ಏಳುವ ಎರಡು ಸುಳಿಗಳಲ್ಲಿ ಒಂದು ಮೇಲೆ, ಇನ್ನೊಂದು ಕೆಳಗೆ ಹೋಗಿವೆ. ಮೂತಿಯ ತುದಿಯನ್ನು ಮಾತ್ರ 90 ಡಿಗ್ರಿ ತಿರುಗಿಸಿ ಮತ್ತೆ ಓಡಿಸಿ. ಎಳೆತ ಅದರ ಜತೆ ಬದಲಾದರೆ ತುದಿಯ ಸೂಕ್ಷ್ಮ ಗೀರು ಅಥವಾ ಧೂಳೇ ದಿಕ್ಕನ್ನು ನಿರ್ಧರಿಸುತ್ತಿದೆ. ಒರೆಸಿದರೆ ದಿಕ್ಕು ಬದಲಾಗಬಹುದು, ಆದರೆ ಈ ಗುಣ ಹೋಗುವುದಿಲ್ಲ, ನಿಜ ವಿಮಾನದಲ್ಲೂ ಬರುತ್ತದೆ. ಜರ್ಮನಿಯ ಎಂಬಿಬಿ ಮತ್ತು ಅಮೆರಿಕದ ರಾಕ್‌ವೆಲ್ ಸೇರಿ ಮಾಡಿದ ಎಕ್ಸ್-31 ಪ್ರಯೋಗ ವಿಮಾನದಲ್ಲಿ ಮೂತಿಯ ತುದಿಯನ್ನು ಮೊಂಡು ಮಾಡಿ ಪಕ್ಕದಲ್ಲಿ ಸಣ್ಣ ಪಟ್ಟಿಗಳನ್ನು ಕೂರಿಸಬೇಕಾಯಿತು.

ಲಕ್ಷಣ: ಮಾದರಿ ನಡುಗುತ್ತದೆ

ಓಟಕ್ಕೆ ಮುಂಚೆಯೇ ರಬ್ಬರ್ ಸುತ್ತಿಗೆಯಿಂದ ಮಾದರಿಯನ್ನು ಮೆಲ್ಲಗೆ ತಟ್ಟಿ ಅದರ ಸಹಜ ಕಂಪನಾಂಕ ಬರೆದಿಟ್ಟುಕೊಳ್ಳಿ. ಓಟದ ನಡುಕ ಅದೇ ಕಂಪನಾಂಕದಲ್ಲಿದ್ದರೆ ಸ್ಟಿಂಗ್ ಆಡುತ್ತಿದೆ. ಹರವಾದ ಗದ್ದಲವಿದ್ದು ಕೋನದ ಜತೆ ಬೆಳೆದರೆ ಹರಿವು ಕಿತ್ತು ಬರುವ ಬಫೆಟ್. ಎರಡರಲ್ಲೂ ಸರಾಸರಿ ಓದು ಚೆನ್ನಾಗಿಯೇ ಕಾಣಬಹುದು, ಬ್ಯಾಲೆನ್ಸ್ ಮುರಿಯುವುದು ಗರಿಷ್ಠ ಹೊರೆಗೆ. ಸರಾಸರಿ ಮತ್ತು ನಡುಕ ಸೇರಿ ಮಿತಿಯ 80% ಮುಟ್ಟಿದರೆ ಕೋನವನ್ನು ಇಳಿಸಿ ಓಟ ನಿಲ್ಲಿಸಿ. ಗಾಳಿಯ ಹೊರೆ ಸ್ಟಿಂಗನ್ನು ಬಾಗಿಸಿ, ಬಾಗಿದ್ದರಿಂದ ಹೊರೆ ಇನ್ನೂ ಹೆಚ್ಚುವ ಡೈವರ್ಜೆನ್ಸ್ ಮಾತ್ರ ಎಚ್ಚರಿಕೆ ಕೊಡದೆ ಬರುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕದೆ ಗಾಳಿ ಬಿಡಬಾರದು.

ಲಕ್ಷಣ: ಮ್ಯಾಕ್ 1ರ ಆಸುಪಾಸಿನಲ್ಲಿ ಮಾತ್ರ ರೇಖೆಯಲ್ಲಿ ಗೂನು

ಗಾಳಿ ಒಣಗಿದೆಯೇ ನೋಡಿ. ತೇವವಿದ್ದರೆ ಟನಲ್ ಒಳಗೆ ಮಂಜು ಕಟ್ಟಿ ಮ್ಯಾಕ್ ಸಂಖ್ಯೆಯೇ ತಪ್ಪುತ್ತದೆ. ಡ್ರೈಯರ್ ಸರಿಯಿದ್ದರೆ ಗೋಡೆಯ ಸರದಿ. ಮಾದರಿಯ ಮೂತಿಯ ಆಘಾತ ತರಂಗ ಗೋಡೆಗೆ ಬಡಿದು ಮರಳಿ ಬಾಲಕ್ಕೆ ಬೀಳುತ್ತದೆ. ರಂಧ್ರ ಅಥವಾ ಸೀಳು ಇರುವ ಗೋಡೆ ಇದನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಮಾದರಿಯ ಅಡ್ಡಸೀಳು ಟನಲ್ ಅಡ್ಡಸೀಳಿನ 1%ಕ್ಕಿಂತ ಕಡಿಮೆ ಇರಲಿ. ಆಘಾತ ತರಂಗವನ್ನು ಗೆರೆಯಾಗಿ ತೋರಿಸುವ ಷ್ಲೀರೆನ್ ಚಿತ್ರದಲ್ಲಿ ಮರಳಿದ ಗೆರೆ ಬಾಲ ದಾಟಿ ಹಿಂದೆ ಹೋಗುವ ಮ್ಯಾಕ್ ಸಂಖ್ಯೆಯಿಂದ ಮೇಲಿನ ಅಂಕಿಗಳನ್ನು ಮಾತ್ರ ನಂಬಿ, ನಡುವಿನದನ್ನು ಖಾಲಿ ಬಿಡಿ.

ಲಕ್ಷಣ: ಎರಡು ಟನಲ್ ಎರಡು ಉತ್ತರ ಕೊಡುತ್ತವೆ

ಜಗಳಕ್ಕೆ ಮೊದಲು ಎರಡೂ ಕಡೆ ಎಜಿಎಆರ್‌ಡಿ-ಬಿ ಎಂಬ ಪ್ರಮಾಣಿತ ಡೆಲ್ಟಾ ಮಾದರಿಯನ್ನು ಓಡಿಸಿ. ಎಷ್ಟೋ ಟನಲ್‌ಗಳಲ್ಲಿ ಅದರ ಅಂಕಿಗಳು ಇವೆ. ಅದರಲ್ಲೂ ವ್ಯತ್ಯಾಸ ಬಂದರೆ ಟನಲ್ ದೋಷ. ಅದು ಸರಿಬಂದು ನಿಮ್ಮ ಮಾದರಿ ಮಾತ್ರ ಬೇರೆಯಾದರೆ ರೆನಾಲ್ಡ್ಸ್ ಸಂಖ್ಯೆ ನೋಡಿ. ಚೂಪು ಮುಂಚೂಣಿಯ ರೆಕ್ಕೆ ಇದಕ್ಕೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ, ಸುಳಿ ಅಂಚಿನಿಂದಲೇ ಏಳುತ್ತದೆ. ದುಂಡು ಮುಂಚೂಣಿಯಲ್ಲಿ ಸುಳಿ ಎಲ್ಲಿ ಶುರುವಾಗಬೇಕು ಎಂಬುದೇ ರೆನಾಲ್ಡ್ಸ್ ಸಂಖ್ಯೆಯ ಕೈಯಲ್ಲಿದೆ. ಆಗ ಒತ್ತಡ ಏರಿಸಬಲ್ಲ ದೊಡ್ಡ ಟನಲ್ ಬೇಕು, ಅಥವಾ 110 ಕೆಲ್ವಿನ್‌ವರೆಗೆ ತಣಿಸಿ 4.5 ಬಾರ್‌ವರೆಗೆ ಒತ್ತುವ ಇಟಿಡಬ್ಲ್ಯೂನಂಥದ್ದು ಬೇಕು. ಖರ್ಚು ದೊಡ್ಡದು, ಮೇಲಿನ ತಪಾಸಣೆಗಳೆಲ್ಲ ಮುಗಿಯದೆ ಅಲ್ಲಿಗೆ ಹೋಗಬೇಡಿ.

ಟನಲ್‌ಗಳಿಂದ ತೀರ್ಮಾನವಾಗದ್ದನ್ನು ಯೂರೋಪಿನವರು ಹಾರಿಸಿಯೇ ತೀರಿಸಿಕೊಂಡದ್ದೂ ಉಂಟು. ಬ್ರಿಟನ್ನಿನ ಪಿ.1 ಯುದ್ಧವಿಮಾನದ 60 ಡಿಗ್ರಿ ಹಿಂಬಾಗಿದ ರೆಕ್ಕೆಗೆ ಬಾಲರೆಕ್ಕೆ ಮೇಲಿರಬೇಕೋ ಕೆಳಗಿರಬೇಕೋ ಎಂಬ ವಾದಕ್ಕೆ ಶಾರ್ಟ್ ಎಸ್‌ಬಿ.5 ಎಂಬ ನಿಧಾನಗತಿಯ ವಿಮಾನ ಕಟ್ಟಿ 1952ರ ಡಿಸೆಂಬರ್ 2ರಿಂದ ಹಾರಿಸಿದರು. ರೆಕ್ಕೆಯ ಕೋನವನ್ನೂ ಬಾಲರೆಕ್ಕೆಯ ಜಾಗವನ್ನೂ ಬದಲಿಸಿ ನೋಡುವಂತೆ ಅದನ್ನು ಮಾಡಿದ್ದರು, ಕೆಳಗಿನ ಬಾಲವೇ ಗೆದ್ದಿತು. ಸ್ವೀಡನ್ನಿನ ಸಾಬ್ ಕಂಪನಿ ಡ್ರಾಕೆನ್ ಯುದ್ಧವಿಮಾನದ ಜೋಡಿ ಡೆಲ್ಟಾವನ್ನು ಸಾಬ್ 210 ಎಂಬ ಪುಟ್ಟ ವಿಮಾನದಲ್ಲಿ 1952ರ ಜನವರಿ 21ರಿಂದ ಹಾರಿಸಿ ನೋಡಿತು, ನಿಜವಾದ ಡ್ರಾಕೆನ್ ಹಾರಿದ್ದು 1955ರ ಅಕ್ಟೋಬರ್ 25ರಂದು. ಎರಡು ಟನಲ್, ಎರಡು ಸ್ಟಿಂಗ್, ಸರಿಯಾದ ಗ್ರಿಟ್, ನೆಟ್ಟಗೆ ಮತ್ತು ತಲೆಕೆಳಗೆ ಓಟ, ಇಷ್ಟಾದ ಮೇಲೂ ದೊಡ್ಡ ಕೋನದ ಮೊಮೆಂಟ್ ಒಂದೇ ಮಾತು ಹೇಳದಿದ್ದರೆ ವರದಿಯಲ್ಲಿ ಎರಡೂ ರೇಖೆಗಳನ್ನು ಎಳೆದು, ನಡುವಿನ ಅಂತರವನ್ನು ಅನಿಶ್ಚಿತತೆ ಎಂದೇ ಬರೆದು, ಹಾರುವ ಪುಟ್ಟ ಮಾದರಿಗೆ ಶಿಫಾರಸು ಮಾಡಿ.